ಒಂಬತ್ತನೆಯ ಡಬ್ಬಿಯ ಮಣ್ಣು

ಖಂಡೆಪ್ಪ ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ.

ಸಿಂದಗಿ ಠಾಣೆಯ ಪಡಸಾಲೆಯಲ್ಲಿ ನಿಂತಿದ್ದ ಇಬ್ಬರು ಪೊಲೀಸರು ಒಬ್ಬರ ಮುಖ ಒಬ್ಬರು ನೋಡಿ ನಗು ತಡೆದುಕೊಂಡರು. ಫೌಜದಾರ ಗುರುಲಿಂಗಪ್ಪ ನಗಲಿಲ್ಲ. ಹದಿಮೂರು ದಿನಗಳಿಂದ ಅವನಿಗೆ ಸರಿಯಾಗಿ ಊಟವೂ ಸೇರುತ್ತಿರಲಿಲ್ಲ.

ಮೇಜಿನ ಮೇಲೆ ಹದಿನಾಲ್ಕು ತಗಡಿನ ಡಬ್ಬಿಗಳು ಸಾಲಾಗಿ ಕುಳಿತಿದ್ದವು. ಒಂದೊಂದರ ಮುಚ್ಚಳದ ಮೇಲೂ ಬಿಳಿ ಬಣ್ಣದಲ್ಲಿ ಅಂಕಿ. ಖಂಡೆಪ್ಪ ಹಲಸಂಗಿಯ ರೈತ, ಎಪ್ಪತ್ತು ದಾಟಿದವನು. ಹೊಲ ಕೊಳ್ಳುವವರು ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಮಣ್ಣಿನ ರುಚಿ ನೋಡಿಸುತ್ತಿದ್ದರು. ನಾಲಿಗೆಗೆ ಹಚ್ಚಿ ಇದು ಯಾವ ಸೀಮೆಯ ಮಣ್ಣು ಎಂದು ಹೇಳಿಬಿಡುತ್ತಾನೆಂದು ಸುತ್ತಿನ ಊರುಗಳಲ್ಲಿ ಹೆಸರಿತ್ತು. ಮೊದಲ ಎಂಟು ಡಬ್ಬಿಗಳಿಗೂ ಅವನು ಬಾಯಿ ಮುಕ್ಕಳಿಸಿ ಒಂದೇ ಮಾತು ಹೇಳಿದ್ದ: ಉಪ್ಪು, ಜಿಗುಟು, ಇಂಥದ್ದನ್ನು ತಾನು ಹುಟ್ಟಿದ ಮೇಲೆ ಕಂಡಿಲ್ಲ.

ಒಂಬತ್ತನೆಯದಕ್ಕೆ ಅವನು ಕಣ್ಣು ತೆರೆಯಲು ತಡ ಮಾಡಿದ.

“ಇದರಾಗ ಉಪ್ಪು ಬ್ಯಾರೆ ಐತ್ರಿ, ಮಣ್ಣು ಬ್ಯಾರೆ ಐತಿ,” ಎಂದ. “ಆ ಎಂಟರಾಗ ಉಪ್ಪು ಮಣ್ಣಿನ ಹೊಟ್ಟ್ಯಾಗ ಕುಂತಿತ್ತು. ಇದಕ್ಕ ಯಾರೋ ಅಡಗಿಮನಿ ಉಪ್ಪು ಕಲಿಸ್ಯಾರ.”

“ಮಣ್ಣು ಯಾವ ಕಡೆದು, ಕಾಕಾ?”

“ಹಲ್ಲಿಗೆ ಉಸುಕು ಹತ್ತತೈತಿ. ನಮ್ಮ ಕರಿ ಎರಿ ಮಣ್ಣಾಗ ಈ ಉಸುಕು ಇರಂಗಿಲ್ರಿ. ಇದು ಮುದ್ದೇಬಿಹಾಳ ಕಡೆ ಮಸಾರಿ ಮಣ್ಣು.”

ಗುರುಲಿಂಗಪ್ಪ ಒಂಬತ್ತನೆಯ ಡಬ್ಬಿಯ ಮುಚ್ಚಳ ಒತ್ತಿದ. ಇಷ್ಟು ದಿನಗಳಲ್ಲಿ ಕೈಗೆ ಸಿಕ್ಕ ಮೊದಲ ಗಟ್ಟಿ ಸಂಗತಿ ಅದು.

ಅಂದು ಮೇ ಹನ್ನೆರಡು, ೧೯೬೪, ಮಂಗಳವಾರ. ಭೂಗರ್ಭಶಾಸ್ತ್ರದ ಅಧ್ಯಾಪಕ ಅಬ್ದುಲರಜಾಕನ ಹೆಣ ದೇವಣಗಾಂವದ ಹತ್ತಿರ ಭೀಮೆಯ ಮಡುವಿನಲ್ಲಿ ಸಿಕ್ಕು ಹದಿಮೂರು ದಿನ. ಅವನನ್ನು ಕೊಂದವನೆಂದು ಟಾಂಗಾ ಹೊಡೆಯುವ ಹಾಜಿಮಲಂಗನನ್ನು ಒಳಗೆ ಹಾಕಿ ಹನ್ನೆರಡು ದಿನ.

ಒಳಗೆ ಹಾಕಿದವನು ಗುರುಲಿಂಗಪ್ಪನೇ. ಸಂಕಟ ಇದ್ದದ್ದು ಅಲ್ಲಿ.

ಅಂದು ಎಲ್ಲವೂ ಸರಳವಾಗಿ ಕಂಡಿತ್ತು. ಸಿಂದಗಿಯ ಪ್ಯಾಟಿಯಲ್ಲಿ ಕುದುರೆ ಬೆದರಿ ಡಬ್ಬಿಗಳ ಪೆಟ್ಟಿಗೆ ಟಾಂಗಾದಿಂದ ಉರುಳಿದಾಗ ಅಬ್ದುಲರಜಾಕ ನಾಲ್ಕು ಜನರ ಎದುರು ಹಾಜಿಮಲಂಗನ ಕೆನ್ನೆಗೆ ಹೊಡೆದಿದ್ದ. ಮೂರು ದಿನ ಬಿಟ್ಟು, ಸೋಮವಾರ ಸಂಜೆ, ಅದೇ ಟಾಂಗಾದಲ್ಲಿ ದೇವಣಗಾಂವಕ್ಕೆ ಹೋದವನು ತಾಯಿಯ ಮನೆಗೆ ತಲುಪಲಿಲ್ಲ. ಬುಧವಾರ ಹೆಣ ಸಿಕ್ಕಿತು. ತಲೆಯ ಹಿಂಭಾಗ ಒಡೆದಿತ್ತು. ಮುಖವನ್ನು ಮೀನು ತಿಂದಿದ್ದವು. ಬಿಳಿ ಡ್ರಿಲ್ ಬಟ್ಟೆಯ ಕೋಟಿನ ತೋಳಿಗೆ ತಾನೇ ಹಚ್ಚಿದ ಕರಿಯ ಗುಂಡಿ ನೋಡಿ ತಾಯಿ ಸುಲ್ತಾನಬಿ ಅಲ್ಲೇ ಕುಸಿದಳು. ಟಾಂಗಾದ ಸೀಟಿನ ಕೆಳಗೆ ಅಬ್ದುಲರಜಾಕನ ಚಷ್ಮಾ ಸಿಕ್ಕಿತು. ಇನ್ನೇನು ಬೇಕು?

ಆದರೆ ಹಾಜಿಮಲಂಗ ಹನ್ನೆರಡು ದಿನವೂ ಒಂದೇ ಮಾತು ಹೇಳಿದ. ಹೊತ್ತು ಮುಳುಗುವಾಗ ನದಿಯ ದಾಟಿನ ಬಳಿ ಇಳಿಸಿದೆ. ಜಾಲಿಗಿಡದ ಕೆಳಗೆ ಯಾವನೋ ಕುಳಿತಿದ್ದ, ಮುಖ ಕಾಣಲಿಲ್ಲ. ಮಾಸ್ತರು ಅವನ ಕಡೆ ನಡೆದು ಹೋದರು. ಬೆದರಿಸಿದರೂ ಅದೇ, ಚಹಾ ಕೊಟ್ಟು ಕೇಳಿದರೂ ಅದೇ. ಅವನ ಹೆಂಡತಿ ಮಾಬುಬಿ ದಿನಾ ರೊಟ್ಟಿ ತಂದು ಬೇವಿನ ಗಿಡದ ಕೆಳಗೆ ಕೂರುತ್ತಿದ್ದಳು. ಬೇಡಲಿಲ್ಲ, ಅಳಲಿಲ್ಲ, ಸುಮ್ಮನೆ ಕುಳಿತು ಠಾಣೆಯ ಬಾಗಿಲನ್ನು ನೋಡುತ್ತಿದ್ದಳು. ಅದು ಗುರುಲಿಂಗಪ್ಪನಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು.

ಜಾಲಿಗಿಡದ ಕೆಳಗಿನ ಮನುಷ್ಯನನ್ನು ಅವನು ಮೊದಲು ನಂಬಿರಲಿಲ್ಲ. ನಂಬುವ ಹೊತ್ತಿಗೆ ಯಾರಿಗೂ ಅದು ಬೇಕಾಗಿರಲಿಲ್ಲ. ಮೇಲಿನ ಸಾಹೇಬರು ಎರಡು ಸಲ ಕಾಗದ ಬರೆದಿದ್ದರು: ಆರೋಪಿ ಕೈಯಲ್ಲಿದ್ದಾನೆ, ಕಾರಣ ಇದೆ, ಮುದ್ದೆಮಾಲಾಗಿ ಚಷ್ಮಾ ಇದೆ, ತಡವೇಕೆ? ಗುರುವಾರ ಹಾಜಿಮಲಂಗನನ್ನು ವಿಜಾಪುರದ ಜೇಲಿಗೆ ಕಳಿಸಲೇಬೇಕು. ಡಬ್ಬಿಗಳ ಬಗ್ಗೆ ಬರೆದರೆ, ಮಣ್ಣಿನ ಮಾತು ಸಾಕು ಎಂಬ ಉತ್ತರ ಬಂತು. ಪರೀಕ್ಷೆಗೆಂದು ದೂರದೂರಿಗೆ ಕಳಿಸಿದ್ದ ಪೊಟ್ಟಣ ‘ಮಣ್ಣು, ವಿಷವಿಲ್ಲ’ ಎಂಬ ಚೀಟಿಯೊಂದಿಗೆ ವಾಪಸು ಬಂತು. ಆ ಚೀಟಿಯನ್ನು ಅವನು ಹರಿದು ಚೂರು ಮಾಡಿ, ಅದು ದಾಖಲೆಯೆಂದು ನೆನಪಾಗಿ, ಚೂರುಗಳನ್ನು ಹೆಕ್ಕಿ ಫೈಲಿನೊಳಗೆ ಇಟ್ಟಿದ್ದ.

ಅವನ ಕೈಯಲ್ಲಿ ಇದ್ದದ್ದು ಒಂದೇ, ಅಬ್ದುಲರಜಾಕನ ನೋಟಬುಕ್ಕು.

ಅದರ ಮೊದಲ ಪುಟ ಅವನಿಗೆ ಬಾಯಿಪಾಠವಾಗಿತ್ತು. ಅಬ್ದುಲರಜಾಕ ಮುಂಬೈಯ ಒಂದು ಕಾಲೇಜಿನಲ್ಲಿ ಕಲಿಸುತ್ತಿದ್ದ. ಹಿಂದಿನ ವರ್ಷ ಅರಬ್ಬಿ ಸಮುದ್ರವನ್ನು ಅಳೆಯಲು ಹೊರಟ ಹಡಗಿನಲ್ಲಿ ಅವನಿಗೂ ಜಾಗ ಸಿಕ್ಕಿತ್ತು. ಎರಡು ಮೈಲಿ ಆಳಕ್ಕೆ ಕಬ್ಬಿಣದ ಕೊಳವೆ ಇಳಿಸಿ, ಸಮುದ್ರದ ತಳದ ಮಣ್ಣನ್ನು ಕಬ್ಬಿನ ಗಳದಂತೆ ಎತ್ತಿ ತಂದಿದ್ದರು. ಅದನ್ನು ಉದ್ದಕ್ಕೆ ಸೀಳಿ ಅರ್ಧವನ್ನು ತಂಡದ ಹಿರಿಯ ಸಾಹೇಬರು ಇಟ್ಟುಕೊಂಡರು, ಅರ್ಧ ಇವನ ಪಾಲಿಗೆ ಬಂತು. ಇವನು ಅದನ್ನು ಹದಿನಾಲ್ಕು ತುಂಡು ಮಾಡಿ, ಮೇಲಿನಿಂದ ಕೆಳಕ್ಕೆ ಅಂಕಿ ಹಾಕಿ, ಫೆಬ್ರವರಿಯಲ್ಲಿ ರಜೆ ಹಾಕಿ ಊರಿಗೆ ಬಂದು ಸಿಂದಗಿಯಲ್ಲಿ ಕೋಣೆ ಹಿಡಿದಿದ್ದ.

‘ಸಮುದ್ರದ ನಡುವೆ ಹೊಳೆಯ ಮಣ್ಣು ತಲುಪುವುದಿಲ್ಲ,’ ಎಂದು ಬರೆದಿದ್ದ. ‘ಅಲ್ಲಿಗೆ ತಲುಪುವ ನೆಲದ ಮಣ್ಣೆಂದರೆ ಗಾಳಿ ಹೊತ್ತು ತಂದ ಧೂಳು ಮಾತ್ರ. ಅದು ನೀರಿಗೆ ಬಿದ್ದು, ಇಳಿದು, ಸಾಸಿವೆಗಿಂತ ಸಣ್ಣ ಚಿಪ್ಪುಗಳ ಜೊತೆ ತಳದಲ್ಲಿ ಕೂಡುತ್ತದೆ. ಒಂದು ಬೆರಳಿನ ದಪ್ಪ ಕೂಡಲು ಸಾವಿರ ವರ್ಷ. ನೆಲ ಒಣಗಿ ಗಾಳಿ ಜೋರಾದ ಕಾಲದಲ್ಲಿ ಧೂಳು ಹೆಚ್ಚು, ಮಳೆ ಚೆನ್ನಾಗಿದ್ದ ಕಾಲದಲ್ಲಿ ಕಡಿಮೆ. ಬೆಣಚುಕಲ್ಲಿನ ಕಣಗಳನ್ನು ಎಣಿಸುತ್ತ ಹೋದರೆ ಮನುಷ್ಯ ಬರೆಯಲು ಕಲಿಯುವ ಮೊದಲಿನ ಬರಗಾಲಗಳನ್ನೂ ಓದಬಹುದು.’

ಮುಂದಿನ ಪುಟಗಳ ತುಂಬ ಎಣಿಕೆ. ಎಣಿಕೆಯ ನಡುವೆ ಸಿಟ್ಟು. ‘ಕ್ರಮ ಕೂಡುತ್ತಿಲ್ಲ.’ ‘ಮತ್ತೆ ಎಣಿಸಿದೆ, ಮತ್ತೆ ಕೂಡಲಿಲ್ಲ.’ ಕೊನೆಗೆ ಕೆಂಪು ಶಾಯಿಯಲ್ಲಿ: ‘ಒಂಬತ್ತು. ಎಣಿಕೆ ಮೂರು ಪಟ್ಟು. ಚಿಪ್ಪು ಒಂದೂ ಇಲ್ಲ. ಯಾಕೆ?’

ಯಾರೋ ಒಂಬತ್ತನೆಯ ಡಬ್ಬಿಯ ಮಣ್ಣು ಬದಲಿಸಿದ್ದಾರೆ. ಅದು ಅಬ್ದುಲರಜಾಕನಿಗೆ ಗೊತ್ತಾಗಿದೆ. ಅದಕ್ಕೇ ಅವನು ಸತ್ತಿದ್ದಾನೆ. ಗುರುಲಿಂಗಪ್ಪ ತನ್ನ ಇಡೀ ತರ್ಕವನ್ನು ಈ ಡಬ್ಬಿಯ ಮೇಲೆ ನಿಲ್ಲಿಸಿದ್ದ. ಈಗ ಖಂಡೆಪ್ಪ ಮುದ್ದೇಬಿಹಾಳದ ಹೆಸರು ಹೇಳಿದ್ದ. ನೋಟಬುಕ್ಕಿನ ಅಂಚಿನಲ್ಲಿ, ಐದರಿಂದ ಒಂಬತ್ತರವರೆಗಿನ ಎಣಿಕೆಗಳ ಪಕ್ಕದಲ್ಲಿ, ಬೇರೆ ಕೈಬರಹದಲ್ಲಿ ‘ಶ್ರೀ’ ಎಂಬ ಗುರುತಿತ್ತು. ಕೋಣೆಯ ಮಾಲೀಕ ಹೇಳಿದಂತೆ ಭಾನುವಾರಗಳಂದು ಬಸವನ ಬಾಗೇವಾಡಿಯಿಂದ ಒಬ್ಬ ಸಾಲಿ ಮಾಸ್ತರ ಸೂಕ್ಷ್ಮದರ್ಶಕದ ಪೆಟ್ಟಿಗೆ ಹಿಡಿದು ಬರುತ್ತಿದ್ದ. ಹೆಸರು ಶ್ರೀಶೈಲಪ್ಪ. ಹುಟ್ಟೂರು ಮುದ್ದೇಬಿಹಾಳ ತಾಲೂಕು. ಗುರುಲಿಂಗಪ್ಪ ಅವನನ್ನು ಹುಡುಕಿ ಎರಡು ಸಲ ಪೊಲೀಸರನ್ನು ಕಳಿಸಿದ್ದ; ಎರಡು ಸಲವೂ ಮನೆಗೆ ಕೀಲಿ ಹಾಕಿತ್ತು. ಬೇಸಿಗೆ ಸೂಟಿ, ಊರಿಗೆ ಹೋಗಿದ್ದಾರೆ ಎಂದಿದ್ದರು ನೆರೆಯವರು. ಭಾನುವಾರ ಮಾಸ್ತರ ತಿರುಗಿ ಬಂದಿದ್ದಾನೆಂದು ನಿನ್ನೆಯಷ್ಟೇ ಸುದ್ದಿ ಸಿಕ್ಕಿತ್ತು.

ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಅವನು ಎಂಟರ ಬಸ್ಸು ಹತ್ತಿದ.

ಬಸ್ಸು ಹಿಪ್ಪರಗಿ ದಾಟಿದ ಮೇಲೆ ಕೆಟ್ಟು ನಿಂತಿತು. ಡ್ರೈವರ ಬಾನೆಟ್ಟು ಎತ್ತಿ ಒಳಗೆ ತಲೆ ಹಾಕಿದವನು ಹೊರಗೆ ತೆಗೆಯಲೇ ಇಲ್ಲ. ನೆರಳಿಗೆ ಒಂದು ಗಿಡವಿರಲಿಲ್ಲ. ಉತ್ತ ಎರೆಹೊಲಗಳ ಮೇಲಿನಿಂದ ಸುಂಟರಗಾಳಿ ಎದ್ದು ಬಂದು ಜನರ ಕಣ್ಣು ಬಾಯಿಗೆಲ್ಲ ಧೂಳು ತುಂಬಿ ಹೋಯಿತು. ಗುರುಲಿಂಗಪ್ಪ ಟೋಪಿ ತೆಗೆದು ಕೊಡವಿದ. ಒಂದು ಗಂಟೆ, ಎರಡು ಗಂಟೆ. ಹಾದುಹೋದ ಲಾರಿ ಕೈ ಮಾಡಿದರೂ ನಿಲ್ಲಲಿಲ್ಲ. ಇನ್ನೆರಡು ದಿನ ಉಳಿದಿವೆ, ಅದರಲ್ಲಿ ಅರ್ಧ ದಿನವನ್ನು ಈ ಬಸ್ಸು ತಿನ್ನುತ್ತಿದೆ ಎಂದು ಅವನು ರಸ್ತೆಯ ಕಲ್ಲಿಗೆ ಒದ್ದ. ಬೂಟಿನ ಹೊಲಿಗೆ ಬಿಟ್ಟಿತು.

ಬಾಗೇವಾಡಿ ತಲುಪಿದಾಗ ಮಧ್ಯಾಹ್ನ ಮೂರು.

ಶ್ರೀಶೈಲಪ್ಪ ಮೂವತ್ತರ ಆಸುಪಾಸಿನ, ತೆಳ್ಳಗಿನ ಮನುಷ್ಯ. ಮದುವೆಯಾಗಿರಲಿಲ್ಲ. ಖಾಕಿ ಕಂಡದ್ದೇ ಎದ್ದು ನಿಂತು, ನೀರು ಕೊಟ್ಟು, ಚಾಪೆ ಹಾಸಿದ. ಮೂಲೆಯ ಮಣೆಯ ಮೇಲೆ ಸೂಕ್ಷ್ಮದರ್ಶಕವಿತ್ತು. ಸೂಟಿಯಲ್ಲಿ ಮನೆಗೆ ಒಯ್ಯಲು ಹೆಡ್‌ಮಾಸ್ತರು ಒಪ್ಪಿದ್ದಾರೆಂದು, ಕೇಳದಿದ್ದರೂ ಹೇಳಿದ.

ಗುರುಲಿಂಗಪ್ಪ ಬಸ್ಸಿನಲ್ಲಿ ಒಂದನ್ನು ನಿರ್ಧರಿಸಿದ್ದ. ಸಾವಿನ ಮಾತು ತಾನಾಗಿ ಎತ್ತಬಾರದು. ತಪ್ಪು ಮಾಡಿದವನು ಅದನ್ನು ಎತ್ತದೆ ಇರಲಾರ. ಅವನು ಚೀಲದಿಂದ ಡಬ್ಬಿ ತೆಗೆದು ಚಾಪೆಯ ನಡುವೆ ಇಟ್ಟ.

“ಇದರಾಗಿನ ಸಮುದ್ರ ಎಲ್ಲಿ ಹ್ವಾತು, ಮಾಸ್ತರ್ರ?”

ಶ್ರೀಶೈಲಪ್ಪ ಮುಚ್ಚಳದ ಮೇಲಿನ ಒಂಬತ್ತನ್ನು ನೋಡಿದ. ಗೋಡೆಗೆ ಆನಿಕೊಂಡು ನಿಧಾನವಾಗಿ ಕೂತ.

“ಅವರು ಫಿರ್ಯಾದಿ ಕೊಟ್ರೇನ್ರಿ?”

ಗುರುಲಿಂಗಪ್ಪ ಡಬ್ಬಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದ. ಒಳ್ಳೆಯ ನಟ ಎಂದುಕೊಂಡ.

ಆಮೇಲೆ ಮಾಸ್ತರ ತಡವರಿಸದೆ ಎಲ್ಲವನ್ನೂ ಹೇಳಿದ. ಒಬ್ಬನೇ ಎಣಿಸಿದರೆ ತನಗೆ ಬೇಕಾದದ್ದೇ ಕಾಣುತ್ತದೆ, ಇನ್ನೊಂದು ಕಣ್ಣು ಬೇಕು ಎಂದು ಅಬ್ದುಲರಜಾಕ ಅವನಿಗೆ ಐದು ಡಬ್ಬಿ ಕೊಟ್ಟಿದ್ದ. ಯುಗಾದಿ ಸೂಟಿಗೆ ಊರಿಗೆ ಹೋಗುವಾಗ ಉಳಿದ ಒಂದನ್ನು, ಈ ಒಂಬತ್ತನ್ನು, ಮಾಸ್ತರ ಜೊತೆಗೆ ಒಯ್ದ. ಅಂಗಳದ ಬಿಸಿಲಿನಲ್ಲಿ ಕೂತು ಸೂಕ್ಷ್ಮದರ್ಶಕದ ಕನ್ನಡಿ ಹೊಂದಿಸುತ್ತಿದ್ದಾಗ ಯಾರೋ ಕರೆದರು, ಎದ್ದು ಹೋದ. ತಿರುಗಿ ಬರುವಷ್ಟರಲ್ಲಿ ಎಮ್ಮೆ ಹಗ್ಗ ಬಿಡಿಸಿಕೊಂಡು ಬಂದು ಡಬ್ಬಿ ಉರುಳಿಸಿತ್ತು.

“ಉಪ್ಪಿನ ಮಣ್ಣಲ್ರಿ, ನೆಕ್ಕಿಬಿಡ್ತು,” ಎಂದ ಶ್ರೀಶೈಲಪ್ಪ. “ಹತ್ತು ಸಾವಿರ ವರ್ಷದ್ದು. ನಾ ಬರೂದ್ರಾಗ ತಗಡ ಬೆಳ್ಳಗ ಆಗಿತ್ತು.”

ಹೆದರಿಕೆಯಲ್ಲಿ ಹೊಲದ ಬದುವಿನ ಮಣ್ಣು ತಂದು, ಧೋತರದಲ್ಲಿ ಸೋಸಿ, ಒಲೆಯ ಬದಿಯ ಉಪ್ಪು ಕಲಿಸಿ ತುಂಬಿದ್ದ. ಆಮೇಲೆ ಹೇಳಬೇಕೆಂದು ಪ್ರತಿ ಭಾನುವಾರವೂ ಹೋಗಿ, ಹೇಳದೆ ಬಂದಿದ್ದ.

ಗುರುಲಿಂಗಪ್ಪ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟ. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ. ಇಂಥ ಸುಳ್ಳನ್ನು ಯಾರೂ ಕಟ್ಟುವುದಿಲ್ಲ. ಹದಿಮೂರು ದಿನ ಹಗಲೂರಾತ್ರಿ ಬೆನ್ನು ಹತ್ತಿದ ಗುಟ್ಟು ಒಂದು ಎಮ್ಮೆಯ ನಾಲಿಗೆಯಲ್ಲಿ ಹೋಗಿ ಮುಗಿದಿತ್ತು. ಕೊಲೆಗೂ ಇದಕ್ಕೂ ಸಂಬಂಧವಿಲ್ಲ. ಗುರುವಾರ ಹಾಜಿಮಲಂಗ ವಿಜಾಪುರಕ್ಕೆ ಹೋಗುತ್ತಾನೆ. ಮೇಲಿನ ಸಾಹೇಬರು ಸರಿ, ತಾನು ಹುಚ್ಚ. ಅವನಿಗೆ ಯಾರನ್ನಾದರೂ ಹೊಡೆಯಬೇಕೆನಿಸಿತು. ಎದುರಿಗಿದ್ದವನು ಹೊಡೆಸಿಕೊಳ್ಳುವಷ್ಟೂ ಗಟ್ಟಿ ಇರಲಿಲ್ಲ.

“ಅವರು ಬೈತಾರಂತ ಹೆದರಿದ್ನ್ರಿ,” ಎಂದ ಮಾಸ್ತರ. “ಆದ್ರ ಶನಿವಾರ ಬಂದಾಗ ಅವರ ಅಂದ್ರು, ಒಂಬತ್ತರ ಚಿಂತಿ ಬಿಡ್ರಿ, ಹದಿನಾಲ್ಕೂ ಕೆಟ್ಟಾವು ಅಂತ. ಆಗ ನನಗ ಸಮಾಧಾನ ಆತ್ರಿ. ಸಮಾಧಾನ ಆತಲ್ಲ ಅಂತ ಇವತ್ತಿಗೂ ನಾಚಿಕಿ ಬರ್ತೈತಿ.”

ಗುರುಲಿಂಗಪ್ಪ ಬೂಟಿನ ಹೊಲಿಗೆ ನೋಡುತ್ತಿದ್ದವನು ತಲೆ ಎತ್ತಿದ.

“ಯಾವ ಶನಿವಾರ?”

“ಮೇ ಎರಡರಂದ್ರಿ. ಮರುದಿನ ನಾ ಊರಿಗೆ ಹ್ವಾದೆ.”

ಹೆಣ ಸಿಕ್ಕದ್ದು ಏಪ್ರಿಲ್ ಇಪ್ಪತ್ತೊಂಬತ್ತು, ಬುಧವಾರ. ಅಂದೇ ಸಂಜೆ ದೇವಣಗಾಂವದಲ್ಲಿ ದಫನ ಆಗಿತ್ತು. ಗುರುಲಿಂಗಪ್ಪನೇ ಹತ್ತಿರ ನಿಂತು ಒಂದು ಹಿಡಿ ಮಣ್ಣು ಹಾಕಿ ಬಂದಿದ್ದ.

ಅವನು ದನಿ ಏರಿಸಲಿಲ್ಲ. ಶನಿವಾರ ಅಬ್ದುಲರಜಾಕ ಹೇಗೆ ಬಂದ, ಹೇಗಿದ್ದ, ಏನು ಮಾತಾಡಿದ ಎಂದು ಒಂದೊಂದಾಗಿ ಕೇಳಿದ. ಮಾಸ್ತರ ನೆನಪಿಸಿಕೊಂಡು ಹೇಳಿದ. ಸಂಜೆಯ ಬಸ್ಸಿಗೆ ಬಂದಿದ್ದರು. ಎರಡು ದಿನದ ಗಡ್ಡ. ಅಕ್ಷರ ಓದಲು ಕಣ್ಣು ಕಿರಿದು ಮಾಡುತ್ತಿದ್ದರು. ಚಷ್ಮಾ ಟಾಂಗಾದಲ್ಲಿ ಬಿಟ್ಟು ಇಳಿದೆ ಎಂದಿದ್ದರು.

ಟಾಂಗಾದಲ್ಲಿ ಬಿಟ್ಟು ಇಳಿದೆ. ಬೇವಿನ ಗಿಡದ ಕೆಳಗೆ ಕೂತ ಮಾಬುಬಿ ಗುರುಲಿಂಗಪ್ಪನ ಕಣ್ಣ ಮುಂದೆ ಬಂದಳು.

“ಕೋಟು ಇತ್ತೇನು ಮೈಮ್ಯಾಲ?”

“ಇದ್ದಿದ್ದಿಲ್ರಿ. ಮಶಾಕಸಾಬಗ ಕೊಟ್ಟೇನಿ ಅಂದ್ರು.”

ಮಶಾಕಸಾಬ ಯಾರು? ಕನ್ನೊಳ್ಳಿಯವನು, ಅದೇ ಹಡಗಿನ ಖಲಾಸಿ ಎಂದ ಮಾಸ್ತರ. ತಂದೆತಾಯಿ ಇಲ್ಲ. ವರ್ಷದಲ್ಲಿ ಹತ್ತು ತಿಂಗಳು ನೀರಿನ ಮೇಲೆ. ಬಂದರೂ ಹೋದರೂ ಊರಿನಲ್ಲಿ ಯಾರೂ ಲೆಕ್ಕ ಇಡುವುದಿಲ್ಲ. ಆ ಸೋಮವಾರ ಸಂಜೆ ಅವನು ನದಿಯ ದಾಟಿನಲ್ಲಿ ಅಬ್ದುಲರಜಾಕನನ್ನು ಕಾಯ್ದು ಕೂತಿದ್ದ. ಆಚೆ ದಂಡೆಯ ಊರಿನಲ್ಲಿ ಅವನಿಗೆ ಹೆಣ್ಣು ನೋಡಿದ್ದರು. ಹೊಲಸು ಅಂಗಿಯಲ್ಲಿ ಹ್ಯಾಗೆ ಹೋಗಲಿ ಎಂದಾಗ ಅಬ್ದುಲರಜಾಕ ತನ್ನ ಕೋಟು ಬಿಚ್ಚಿ ತೊಡಿಸಿ ಕಳಿಸಿದ್ದ.

ಕಳಿಸುವ ಮೊದಲು ಮಶಾಕಸಾಬ ಹೇಳಿದ್ದು ಕೇಳಿ ಅಬ್ದುಲರಜಾಕ ಮರಳಿನ ಮೇಲೆ ಕೂತುಬಿಟ್ಟಿದ್ದನಂತೆ. ಹಡಗಿನಲ್ಲಿ ಆ ಕೊಳವೆಯನ್ನು ಮೇಲೆತ್ತಿದ ಹೊತ್ತಿಗೆ ಅಬ್ದುಲರಜಾಕ ಜ್ವರದಲ್ಲಿ ಕೆಳಗೆ ಮಲಗಿದ್ದ. ಹಗ್ಗ ಜಾರಿ ಕೊಳವೆ ಹಡಗಿನ ಅಂಚಿನ ಕಟಾಂಜನಕ್ಕೆ ಬಡಿಯಿತು. ಮಣ್ಣೆಲ್ಲ ಡೆಕ್ಕಿನ ಮೇಲೆ ಚೆಲ್ಲಿ ಹರಡಿತು. ಹಿರಿಯ ಸಾಹೇಬರು ಖಲಾಸಿಗಳ ಕೈಯಲ್ಲಿ ಅದನ್ನು ಬಳಿಸಿ, ಸಿಕ್ಕಸಿಕ್ಕಂತೆ ಕೊಳವೆಗೆ ತುಂಬಿಸಿ, ಯಾರಿಗೂ ಹೇಳಕೂಡದೆಂದು ಆಣೆ ಮಾಡಿಸಿದರು. ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಮಳೆಯ ಕಾಲ ಯಾವುದು, ಬರದ ಕಾಲ ಯಾವುದು, ದೇವರಿಗೂ ಹೇಳಲು ಬಾರದಂತೆ ಕಲಸಿಹೋಗಿತ್ತು.

“ಅದ ಮಣ್ಣಿನ ಇನ್ನೊಂದು ಅರ್ಧ ಆ ಸಾಹೇಬ್ರ ಹಂತ್ಯಾಕ ಐತ್ರಿ,” ಎಂದ ಶ್ರೀಶೈಲಪ್ಪ. “ಅವರ ಎಣಿಕಿ ಮಾತ್ರ ಗೆರಿ ಹೊಡದಂಗ ಬಂದೈತಿ. ಡಿಸೆಂಬರ ತಿಂಗಳ ದಿಲ್ಲ್ಯಾಗ ಜಗತ್ತಿನ ಪಂಡಿತರ ಮುಂದ ಓದಾವ್ರು ಅದಾರ. ಅದು ಸುಳ್ಳು ಅಂತ ಬಾಯಿಬಿಟ್ಟು ಹೇಳಾವ್ರು ಇಬ್ಬರ ಅದಾರ್ರಿ. ಇವರೊಬ್ಬರು, ಮಶಾಕಸಾಬ ಒಬ್ಬಾವ.”

ಧೂಳಿನ ಎಣಿಕೆಗಾಗಿ ಮನುಷ್ಯನನ್ನು ಕೊಲ್ಲುತ್ತಾರೆಯೇ ಎಂದು ಮೇಲಿನ ಸಾಹೇಬರು ಕೇಳುವುದು ಗುರುಲಿಂಗಪ್ಪನಿಗೆ ಈಗಲೇ ಕೇಳಿಸುತ್ತಿತ್ತು. ನಿನ್ನೆಯಾಗಿದ್ದರೆ ಅವನೇ ಕೇಳುತ್ತಿದ್ದ.

“ಮಾಸ್ತರ್ರ, ಅಬ್ದುಲರಜಾಕನ್ನ ನಾವು ಮಣ್ಣು ಮಾಡಿ ಹದಿಮೂರು ದಿನ ಆತು,” ಎಂದ.

ಮಾಸ್ತರನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಎದ್ದು ಒಳಗೆ ಹೋಗಿ ಒಂದು ಲಕೋಟೆ ತಂದು ಫೌಜದಾರನ ಕೈಯಲ್ಲಿಟ್ಟ. ನಿನ್ನೆಯ ಟಪಾಲಿಗೆ ಬಂದದ್ದು ಎಂದ. ಮೇಲೆ ಇಂಡಿ ಊರಿನ ಟಪಾಲು ಮೊಹರು.

ಒಳಗೆ ಹತ್ತಿಯಲ್ಲಿ ಸುತ್ತಿದ ಗಾಜಿನ ಚೂರು. ಔಡಲೆಣ್ಣೆ ಸವರಿ ಗಾಳಿಗೆ ಒಡ್ಡಿ ಧೂಳು ಹಿಡಿದದ್ದು. ಅಂಟಿಸಿದ ಚೀಟಿಯ ಮೇಲೆ ಮೇ ಎಂಟರ ತಾರೀಕು. ನೋಟಬುಕ್ಕಿನ ಕೈಬರಹವನ್ನು ಗುರುಲಿಂಗಪ್ಪ ಕತ್ತಲಲ್ಲೂ ಗುರುತಿಸಬಲ್ಲವನಾಗಿದ್ದ. ಜೊತೆಗೆ ಒಂದು ಪುಟ್ಟ ಕಾಗದ.

‘ಸಮುದ್ರದ ಮಣ್ಣು ಹೋಯಿತು. ಗಾಳಿ ಇನ್ನೂ ಬೀಸುತ್ತಿದೆ, ಇದನ್ನಾದರೂ ಎಣಿಸೋಣ. ಸೋಮವಾರ ದಾಟಿನ ಬಳಿ ಯಾರೋ ನನ್ನ ಬೆನ್ನು ಹತ್ತಿದ್ದರು, ಅದಕ್ಕೇ ಮನೆಗೆ ಹೋಗಿಲ್ಲ. ಅವ್ವನಿಗೆ ಏನೂ ಹೇಳಬೇಡಿ. ಮಶಾಕಸಾಬ ನಿಮ್ಮಲ್ಲಿಗೆ ಬರುತ್ತೇನೆ ಎಂದಿದ್ದ. ಬಂದನೇ? ಬಂದರೆ ಬಿಡಬೇಡಿ, ನಿಲ್ಲಿಸಿಕೊಳ್ಳಿ.’

ಅಂದರೆ ಆ ಕೋಟಿನಲ್ಲಿ ಮಶಾಕಸಾಬ ಸತ್ತದ್ದು ಅಬ್ದುಲರಜಾಕನಿಗೆ ಗೊತ್ತಿಲ್ಲ. ತಾನು ಸತ್ತಿರುವುದೂ ಗೊತ್ತಿಲ್ಲ.

ಗುರುಲಿಂಗಪ್ಪ ಲಕೋಟೆಯನ್ನು ಜೇಬಿಗೆ ಹಾಕಿಕೊಂಡು, ಬಾಗಿಲು ಹಾಕಿಕೊಂಡು ಒಳಗೇ ಇರಲು ಮಾಸ್ತರನಿಗೆ ಹೇಳಿ, ಟಪಾಲು ಕಚೇರಿಯ ಕಡೆ ನಡೆದ. ಹೊಲಿಗೆ ಬಿಟ್ಟ ಬೂಟು ಹೆಜ್ಜೆಹೆಜ್ಜೆಗೂ ಬಾಯಿ ತೆರೆಯುತ್ತಿತ್ತು. ತಂತಿಯ ಫಾರ್ಮು ಕೇಳಿ ಪಡೆದ. ಎರಡು ಸಾಲು ಬರೆದರೆ ಸಾಕು: ಅಬ್ದುಲರಜಾಕ ಬದುಕಿದ್ದಾನೆ, ಹಾಜಿಮಲಂಗನನ್ನು ಬಿಡಿ. ರಾತ್ರಿಯೊಳಗೆ ಟಾಂಗಾದವನು ಮನೆಗೆ ಹೋಗುತ್ತಾನೆ. ದೇವಣಗಾಂವದಲ್ಲಿ ಒಬ್ಬ ತಾಯಿ ಶೋಕ ಬಿಟ್ಟು ಏಳುತ್ತಾಳೆ.

ಆದರೆ ಈ ಸುದ್ದಿ ಠಾಣೆಯ ಗೋಡೆಯೊಳಗೆ ಒಂದು ದಿನವೂ ನಿಲ್ಲುವುದಿಲ್ಲ. ಬಿಳಿ ಕೋಟು ನೋಡಿ ಹಿಂದಿನಿಂದ ಹೊಡೆದವನು ಯಾರೇ ಇರಲಿ, ತಾನು ಕೊಂದದ್ದು ಒಬ್ಬನನ್ನು, ಇನ್ನೊಬ್ಬ ಉಳಿದಿದ್ದಾನೆ ಎಂದು ಅವನಿಗೂ ತಿಳಿಯುತ್ತದೆ. ಒಬ್ಬ ನಿರಪರಾಧಿಯನ್ನು ಬಿಡಿಸಲು ಇನ್ನೊಬ್ಬನನ್ನು ತೋರಿಸಿಕೊಡಬೇಕು. ಬರೆಯದಿದ್ದರೆ ಹಾಜಿಮಲಂಗ ಗುರುವಾರ ಬೇಡಿ ಹಾಕಿಸಿಕೊಂಡು ಹೋಗುತ್ತಾನೆ, ಮಾಬುಬಿ ನೋಡುತ್ತಾಳೆ.

ಪೆನ್ನಿನ ಶಾಯಿ ಫಾರ್ಮಿನ ಮೇಲೆ ಮಚ್ಚೆಯಾಗಿ ಹರಡಿತು. ಅವನು ಅದನ್ನು ಮುದುಡಿ ಇನ್ನೊಂದು ಕೇಳಿದ.

ಟಪಾಲು ಹಂಚುವ ಚಂದಪ್ಪ ಚೀಲ ಇಳಿಸಿ ಪಕ್ಕದಲ್ಲಿ ನಿಂತಿದ್ದ. ಸಿಂದಗಿ ಫೌಜದಾರರು ನೀವೇ ಏನ್ರಿ ಎಂದು ವಿಚಾರಿಸಿದ. ಹೌದೆಂದ ಮೇಲೆ ಅವನ ಮುಖದಲ್ಲಿ ಗೆಲುವು ಕಂಡಿತು.

“ನೀವು ಕಳಿಸಿದ ಕೆಲಸ ಮುಂಜಾನಿನ ಆತ್ರಿ, ಸಾಹೇಬ್ರ.”

ಗುರುಲಿಂಗಪ್ಪನಿಗೆ ಅವನು ಯಾವ ಕೆಲಸದ ಮಾತಾಡುತ್ತಿದ್ದಾನೆಂದು ತಿಳಿಯಲಿಲ್ಲ.

“ಶ್ರೀಶೈಲಪ್ಪ ಮಾಸ್ತರ್ರಿಗಿ ನಿನ್ನಿ ಬಂದ ಲಕೋಟಿ ಮ್ಯಾಲ ಯಾವ ಊರಿನ ಮೊಹರು ಇತ್ತು ಅಂತ ನೀವು ಕಳಿಸಿದವರು ಬಂದು ಕೇಳಿದ್ರು. ಹಂಗ ಯಾರಿಗೂ ಹೇಳಂಗಿಲ್ರಿ ನಾವು. ನಿಮ್ಮ ಠಾಣಾದ ಕಾಗದ ತೋರಿಸಿದ್ರು, ಕೆಳಗ ನಿಮ್ಮ ಸಹಿ ಇತ್ತು. ಅದಕ್ಕ ಇಂಡಿದು ಅಂತ ಹೇಳಿದ್ನಿ.”

ಅಂಥ ಯಾವ ಕಾಗದಕ್ಕೂ ಗುರುಲಿಂಗಪ್ಪ ಸಹಿ ಹಾಕಿರಲಿಲ್ಲ. ಅಬ್ದುಲರಜಾಕ ಬದುಕಿರುವುದು ಆಗಲೇ ಯಾರಿಗೋ ಗೊತ್ತಾಗಿತ್ತು.

“ಅವ ಈಗ ಎಲ್ಲಿ ಅದಾನ?”

“ಹತ್ತು ಗಂಟೆದ ವಿಜಾಪುರ ಬಸ್ಸಿಗಿ ಹ್ವಾದ್ರಲ್ರಿ,” ಎಂದ ಚಂದಪ್ಪ. “ಅಲ್ಲಿಂದ ಇಂಡಿಗಿ ಗಾಡಿ ಸಿಗತೈತೇನು ಅಂತ ಕೇಳಿದ್ರು. ನಾನ ಸೀಟು ಹಿಡದು ಕುಂಡ್ರಿಸಿ ಬಂದೇನ್ರಿ.”